ಗಾಳಿ ಸರಿಯಿದ್ದರೂ ಟೈರಿನ ಹಳದಿ ದೀಪ ಹೊತ್ತಿಕೊಳ್ಳುತ್ತಿದ್ದರೆ ಏನು ನೋಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಮೈಸೂರಿನಲ್ಲಿರುವ ನಿಮ್ಮ ಕಾರಿಗೆ ನಾಲ್ಕು ವರ್ಷವಾಗಿದೆ, ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದು ಹೇಳುವ ಹಳದಿ ದೀಪ ಒಂದು ವಾರದಿಂದ ಬೆಳಿಗ್ಗೆ ಹೊತ್ತಿಕೊಳ್ಳುತ್ತಿದೆ, ಬಂಕಿನಲ್ಲಿ ನೋಡಿಸಿದರೆ ನಾಲ್ಕೂ ಟೈರಿನಲ್ಲಿ ಗಾಳಿಯ ಒತ್ತಡ 33 ಪಿಎಸ್‌ಐ ಇದೆ, ಸರ್ವೀಸ್ ಸೆಂಟರಿನವರು ಒತ್ತಡ ಅಳೆಯುವ ನಾಲ್ಕೂ ಸೆನ್ಸರ್ ಬದಲಿಸಬೇಕು ಎನ್ನುತ್ತಿದ್ದಾರೆ. ನಾನು ಮಂಡ್ಯದವನು, ಕೆಲಸಕ್ಕೆ ದಿನವೂ ಮೈಸೂರಿಗೆ ಕಾರಿನಲ್ಲಿ ಓಡಾಡುತ್ತೇನೆ. ಈ ದೀಪ ನನಗೂ ಎರಡು ಬಾರಿ ಕಾಡಿದೆ. ಒಮ್ಮೆ ಅದು ನಿಜವಾಗಿಯೂ ಸುಳ್ಳಾಗಿತ್ತು, ಇನ್ನೊಮ್ಮೆ ನಾನು ಅದನ್ನು ಸುಳ್ಳೆಂದು ತಿಳಿದಿದ್ದೆ. ಆದ್ದರಿಂದ ದಯವಿಟ್ಟು ಸದ್ಯಕ್ಕೆ ಸೆನ್ಸರಿಗೆ ಹಣ ಕೊಡಬೇಡಿ.

ಮೊದಲು ಬಂಕಿನ ಆ 33ರ ವಿಚಾರ. ಕಾರಿನ ಬಾಗಿಲ ಕಂಬದ ಚೀಟಿಯಲ್ಲಿ ಬರೆದಿರುವ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಕನಿಷ್ಠ ಮೂರು ಗಂಟೆ ನಿಂತಿರುವ ಕಾರಿನದು. ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಅದರ ಮೇಲೆ ಹವೆಯ ಲೆಕ್ಕವೂ ಇದೆ: ಪ್ರತಿ 5–6 ಡಿಗ್ರಿ ಸೆಲ್ಸಿಯಸ್ ಇಳಿದಾಗ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ನಮ್ಮ ಕಡೆ ಧನುರ್ಮಾಸದಲ್ಲಿ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹತ್ತು ಹನ್ನೆರಡು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಮಧ್ಯಾಹ್ನ ಬಿಸಿ ಟೈರಿನಲ್ಲಿ 33 ಕಂಡದ್ದು ಮರುದಿನ ಬೆಳಿಗ್ಗೆ 28ಕ್ಕೆ ಇಳಿದಿದ್ದರೆ ಅದು ದೀಪದ ತಪ್ಪಲ್ಲ. ಗಾಳಿಯ ಒತ್ತಡ ಅಳೆಯುವ ಒಂದು ಗೇಜ್ ಕೊಂಡುಕೊಳ್ಳಿ, ಬೆಳಿಗ್ಗೆ ಕಾರು ತೆಗೆಯುವ ಮೊದಲು ಮನೆಯ ಮುಂದೆಯೇ ನಾಲ್ಕೂ ಟೈರ್ ನೋಡಿ, ಒಂದು ವಾರ ಬರೆದಿಡಿ. ನಾಲ್ಕೂ ಒಂದೇ ಸಮ ಕಡಿಮೆಯಿದ್ದರೆ ಕಾರಣ ಚಳಿ. ಒಂದು ಟೈರ್ ಮಾತ್ರ ದಿನದಿನವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ.

ನನಗೆ ಆದದ್ದು ಇದೇ. ಎಡಗಡೆಯ ಹಿಂದಿನ ಟೈರ್ ಎರಡು ದಿನಕ್ಕೆ ಒಂದು ಪಿಎಸ್‌ಐನಂತೆ ಇಳಿಯುತ್ತಿತ್ತು. ಕಣ್ಣಿಗೆ ಏನೂ ಕಾಣದೆ ನಾನು ಸೆನ್ಸರನ್ನೇ ಬೈದುಕೊಂಡು ಹದಿನೈದು ದಿನ ಓಡಿಸಿದೆ. ಕೊನೆಗೆ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಿ ಸೋಪಿನ ನೀರು ಸುರಿದು ನಿಧಾನವಾಗಿ ತಿರುಗಿಸಿದಾಗ, ಟೈರಿನ ಗೆರೆಯೊಂದರ ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ಒಡೆದು, ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಇಕ್ಕಳದಲ್ಲಿ ಎಳೆದರೆ ಬಂದದ್ದು ಎತ್ತಿನ ಲಾಳದ ಮೊಳೆ. ಕಬ್ಬಿನ ಗಾಡಿಗಳು ಓಡಾಡುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಅದು ಬಿದ್ದಿರುತ್ತದೆ. ವಾಲ್ವಿನ ಬಾಯಿಗೂ ಎರಡು ಹನಿ ಸೋಪಿನ ನೀರು ಬಿಡಲು ಹೇಳಿ, ಒಳಗಿನ ಪಿನ್ ಸಡಿಲವಾಗಿದ್ದರೂ ಹೀಗೆಯೇ ಸೋರುತ್ತದೆ.

ಬೆಳಗಿನ ಗೇಜಿನಲ್ಲಿ ಎಲ್ಲವೂ ಸರಿಯಿದ್ದು ದೀಪ ಆಗಲೂ ಉರಿಯುತ್ತಿದ್ದರೆ, ನಿಮ್ಮದು ಯಾವ ಬಗೆಯ ವ್ಯವಸ್ಥೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ಟೈರಿನ ಒತ್ತಡವೂ ಅಂಕಿಯಲ್ಲಿ ಕಾಣುತ್ತಿದ್ದರೆ ಪ್ರತಿ ಚಕ್ರದೊಳಗೆ ಒಂದು ಸೆನ್ಸರ್ ಇದೆ. ಅಂಕಿ ಕಾಣದೆ ಬರೀ ದೀಪ ಮತ್ತು ಒಂದು ರೀಸೆಟ್ ಬಟನ್ ಇದ್ದರೆ, ಹೆಚ್ಚಾಗಿ ಅದು ಎಬಿಎಸ್‌ನ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆಯ) ಚಕ್ರವೇಗದ ಲೆಕ್ಕದಿಂದ ಊಹಿಸುವ ಬಗೆಯದು: ಗಾಳಿ ಇಳಿದ ಟೈರ್ ಸ್ವಲ್ಪ ಕುಗ್ಗುತ್ತದೆ, ಕುಗ್ಗಿದ್ದು ಉಳಿದವಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ, ಆ ವ್ಯತ್ಯಾಸವನ್ನು ಕಂಪ್ಯೂಟರ್ ಹಿಡಿಯುತ್ತದೆ. ಇಂಥ ಕಾರಿನ ಟೈರಿನೊಳಗೆ ಬದಲಿಸಲು ಸೆನ್ಸರೇ ಇರುವುದಿಲ್ಲ ಎಂಬುದನ್ನು ಸರ್ವೀಸ್ ಸೆಂಟರಿಗೆ ಹೋಗುವ ಮೊದಲು ನೆನಪಿಡಿ. ನನ್ನ ಕಾರು ಈ ಬಗೆಯದು. ಮುಂದಿನ ಎರಡು ಟೈರ್ ಹೊಸದು ಹಾಕಿಸಿದ ಮೇಲೆ ದೀಪ ಹೊತ್ತಿಕೊಂಡಿತು. ಹೊಸ ಟೈರಿನ ದಪ್ಪಕ್ಕೂ ಸವೆದ ಟೈರಿನ ದಪ್ಪಕ್ಕೂ ನಾಲ್ಕೈದು ಮಿಲಿಮೀಟರ್ ವ್ಯತ್ಯಾಸವಿದ್ದುದರಿಂದ ಹಿಂದಿನವು ಹೆಚ್ಚು ತಿರುಗುತ್ತಿದ್ದವು. ತಣ್ಣನೆಯ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ರೀಸೆಟ್ ಒತ್ತಿ, ಶ್ರೀರಂಗಪಟ್ಟಣದವರೆಗೆ ಹೋಗಿಬಂದ ಮೇಲೆ ದೀಪ ಮತ್ತೆ ಹೊತ್ತಲಿಲ್ಲ. ಟೈರ್ ಅದಲುಬದಲು ಮಾಡಿಸಿದಾಗಲೂ ಈ ರೀಸೆಟ್ ಬೇಕು.

ಚಕ್ರದೊಳಗೆ ಸೆನ್ಸರ್ ಇರುವ ಕಾರಾದರೆ ದೀಪ ಉರಿಯುವ ರೀತಿಯನ್ನು ಗಮನಿಸಿ. ಬಹಳಷ್ಟು ಕಾರುಗಳಲ್ಲಿ ಗಾಳಿ ಕಡಿಮೆಯಿದ್ದರೆ ದೀಪ ಒಂದೇ ಸಮನೆ ಉರಿಯುತ್ತದೆ. ವ್ಯವಸ್ಥೆಯೇ ಕೆಟ್ಟಿದ್ದರೆ ಸ್ಟಾರ್ಟ್ ಮಾಡಿದ ಮೇಲೆ ಒಂದು ಒಂದೂವರೆ ನಿಮಿಷ ಮಿನುಗಿ, ಆಮೇಲೆ ನಿಂತು ಉರಿಯುತ್ತದೆ. ಸೆನ್ಸರಿನ ಬ್ಯಾಟರಿ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ, ನಾಲ್ಕೇ ವರ್ಷಕ್ಕೆ ನಾಲ್ಕೂ ಒಟ್ಟಿಗೆ ಹೋಗಿವೆ ಎಂಬುದನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಯಾವ ಚಕ್ರದಿಂದ ಸಂಕೇತ ಬರುತ್ತಿಲ್ಲ ಎಂಬುದನ್ನು ಸ್ಕ್ಯಾನರ್ ಇಟ್ಟು ನಿಮ್ಮ ಎದುರಿಗೇ ತೋರಿಸಲು ಕೇಳಿ, ಅದೊಂದನ್ನು ಮಾತ್ರ ಬದಲಿಸಿಕೊಳ್ಳಿ. ಟೈರ್ ಬಿಚ್ಚುವಾಗ ವಾಲ್ವಿನ ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಹಾಕಿ ಮೀಟಬೇಡಿ ಎಂದು ಮೊದಲೇ ಹೇಳಿಬಿಡಿ. ಸೆನ್ಸರ್ ಕೂತಿರುವುದು ಅಲ್ಲಿಯೇ.