ಶೋರೂಮಿನಲ್ಲಿ ನಿಂತವನ ಮಾತು

(ಗುರುತು ಸಿಗಬಾರದೆಂದು ಊರು, ಕೆಲಸ ಮತ್ತು ಮನೆಯವರ ಕೆಲವು ಲೆಕ್ಕಗಳನ್ನು ಬದಲಿಸಿದ್ದೇನೆ. ಅಣ್ಣ, ತಮ್ಮ, ಅಮ್ಮ ಮೂವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

"ನಿದ್ದೆ ಬರ್ತಿಲ್ಲ ಮೇಡಂ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತೆ. ಎದೆ ಹಿಡಿದ ಹಾಗೆ ಆಗುತ್ತೆ."

ಹೀಗೆ ಹೇಳಿಕೊಂಡು ಬಂದವರಿಗೆ 38 ವರ್ಷ. ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಆಲೂರು ಕಡೆಯ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ಮೂರು ಎಕರೆ ಕಾಫಿ ತೋಟವೂ ಇವರದ್ದೇ ಉಸ್ತುವಾರಿ. ಇಸಿಜಿ ಸರಿಯಾಗಿತ್ತು, ಡಾಕ್ಟರೇ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಅರ್ಧ ಗಂಟೆ ಕಾಲೇಜು, ತೋಟ, ಅಮ್ಮನ ಮಂಡಿನೋವು ಅಂತ ಮಾತಾಡಿದರು. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು: "ಒಂದು ಕಾರಿನ ವಿಷಯ ಇದೆ. ಅಂಥದ್ದನ್ನೆಲ್ಲ ಇಲ್ಲಿ ಹೇಳ್ಬಹುದಾ?"

ಹೇಳಿ ಅಂದೆ. ಮತ್ತೆ ಕೂತರು. ಅವತ್ತು ಒಂದೂವರೆ ಗಂಟೆ ಆಯಿತು.

ಇವರನ್ನು ತಮ್ಮ ಅನ್ನೋಣ. ಅಣ್ಣ 11 ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ಅಪ್ಪ ತೀರಿಕೊಂಡು 14 ತಿಂಗಳಾಗಿತ್ತು. ಮನೆಯಲ್ಲಿ ಅಪ್ಪನ 2013ರ ವ್ಯಾಗನ್‌ಆರ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತಲ್ಲ, ಅದನ್ನು ಓದಿದ ಅಣ್ಣ ಅವತ್ತೇ ಫೋನ್ ಮಾಡಿದರು. ಅಮ್ಮನಿಗೆ ಹೊಸ ಕಾರು ತೆಗೆದುಕೊಡೋಣ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡೋಣ, ದುಡ್ಡು ಪೂರ್ತಿ ನನ್ನದು. ತಮ್ಮನಿಗೂ ಖುಷಿಯಾಯಿತು. ಅಮ್ಮನನ್ನು ತಿಂಗಳಿಗೆ ಎರಡು ಸಲ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಅವರೇ.

ಕಾರು ಯಾವುದು ಅಂತ ಅಣ್ಣ ಅಲ್ಲೇ ಕೂತು ಗೊತ್ತು ಮಾಡಿದರು. ಒಂದು ಸಣ್ಣ ಎಸ್‌ಯುವಿ, ಎಕ್ಸ್ ಶೋರೂಂ ಬೆಲೆ 10 ಲಕ್ಷದ 60 ಸಾವಿರ. ಹಾಸನದ ಶೋರೂಮಿನವರು ಹಳೆ ಕಾರಿಗೆ 1,60,000 ಅಂದರು. ಹೊಸದರಲ್ಲಿ 45,000 ಬಿಡುತ್ತೇವೆ ಅಂದರು. ತಮ್ಮ ಒಪ್ಪಿ 11,000 ಕೊಟ್ಟು ಬುಕ್ ಮಾಡಿದರು. ಅಣ್ಣನಿಗೆ ಸಮಾಧಾನ ಆಗಲಿಲ್ಲ. "ಕ್ಯಾನ್ಸಲ್ ಮಾಡು. ಎದ್ದು ಬಂದುಬಿಡು. ಅವರೇ ಹಿಂದೆ ಬಂದು ಫೋನ್ ಮಾಡ್ತಾರೆ." ತಮ್ಮ ಕ್ಯಾನ್ಸಲ್ ಮಾಡಿದರು. ಅಲ್ಲಿಂದ ಮೈಸೂರಿಗೆ ಹೋಗು ಅಂದರು. ರಜೆ ಹಾಕಿ, ಹತ್ತಿರ ಹತ್ತಿರ 120 ಕಿಲೋಮೀಟರ್ ಹಳೆ ಕಾರು ಓಡಿಸಿಕೊಂಡು ಹೋದರು. ಅಲ್ಲಿ 1,85,000 ಅಂದರು. ಅಷ್ಟರಲ್ಲಿ ಅಣ್ಣ ಯಾವುದೋ ಆನ್‌ಲೈನ್ ಲೆಕ್ಕದಲ್ಲಿ 2,10,000 ನೋಡಿದ್ದರು. ಆ ಆನ್‌ಲೈನ್ ಕಂಪನಿಯ ಕಡೆಯವರು ಮನೆಗೆ ಬಂದು ಕಾರು ತಟ್ಟಿ ನೋಡಿ 1,70,000ಕ್ಕೆ ಇಳಿಸಿದರು. ಮತ್ತೆ ಹಾಸನಕ್ಕೇ ವಾಪಸ್. ಹಾಸನಾಂಬೆ ದರ್ಶನದ ದಿನಗಳು ಬೇರೆ, ಊರೊಳಗೆ ಗಾಡಿ ಓಡಿಸುವುದೇ ಕಷ್ಟ.

ಈ ಸಲ ಅಣ್ಣ ವಿಡಿಯೋ ಕಾಲ್‌ನಲ್ಲೇ ಇದ್ದರು. ಇಲ್ಲಿ ಬೆಳಗ್ಗೆ ಹನ್ನೊಂದು, ಅಲ್ಲಿ ರಾತ್ರಿ ಹನ್ನೆರಡೂವರೆ. ಸೇಲ್ಸ್ ಹುಡುಗನ ಮುಂದೆಯೇ, ಸ್ಪೀಕರ್ ಆನ್ ಇರುವಾಗಲೇ ಕೇಳಿದರು:

"ಮಿಕ್ಕಿದ ದುಡ್ಡು ಎಲ್ಲಿ ಹೋಗ್ತಿದೆ ಕಣೋ? ಇವನು ನಿಂಗೆ ಪರಿಚಯದವನಾ?"

ಹೌದು, ಪರಿಚಯದವನು. ಆ ಹುಡುಗ ತಮ್ಮನ ಹಳೇ ವಿದ್ಯಾರ್ಥಿ. ಆಮೇಲೆ ಹಾಸನದ ಬಿ.ಎಂ. ರಸ್ತೆಯಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ. ತಮ್ಮನಿಗೆ ಅವತ್ತಿನಿಂದ ನಿದ್ದೆ ಹೋಗಿತ್ತು.

ಅಪ್ಪ ಹೋದ ದುಃಖವೇ ಕಾರಿನ ಜಗಳವಾಗಿ ಬಂದಿದೆ ಅಂತ ಯಾರಿಗಾದರೂ ಅನ್ನಿಸಬಹುದು. ನನಗೂ ಅನ್ನಿಸಿತು. ಅದು ಸುಳ್ಳಲ್ಲ. ಆದರೆ ಅಲ್ಲಿಗೇ ನಿಂತುಬಿಟ್ಟರೆ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗೆ. ನಾಲ್ಕು ಸಲ ಶೋರೂಂ ಮೆಟ್ಟಿಲು ಹತ್ತಿದ ಕಾಲು ಅವರದ್ದು, ಕೊಟ್ಟ ಮಾತು ತಪ್ಪಿದ ಬಾಯಿ ಅವರದ್ದು. ಲೆಕ್ಕದ ನೋವನ್ನು ಲೆಕ್ಕದಲ್ಲೇ ನೋಡಬೇಕು. ಹಾಗಾಗಿ ಮುಂದಿನ ಸಲ ಬರುವಾಗ ಕೊಟೇಶನ್ ಕಾಗದ ಎಲ್ಲ ತನ್ನಿ ಅಂದೆ.

ಅದಕ್ಕೂ ಮೊದಲು ಒಂದು ತಪ್ಪು ಮಾಡಿದೆ. ಎರಡನೇ ವಾರವೇ ಇಬ್ಬರನ್ನೂ ವಿಡಿಯೋದಲ್ಲಿ ಒಟ್ಟಿಗೆ ಕೂರಿಸಿದೆ. ಹನ್ನೆರಡು ನಿಮಿಷಕ್ಕೆ ಅಣ್ಣ ಕಾಲ್ ಕಟ್ ಮಾಡಿದರು. ತಮ್ಮ ಒಬ್ಬರ ಮಾತು ಕೇಳಿ ನಾನು ಮನಸ್ಸಿನಲ್ಲಿ ಪಕ್ಷ ಹಿಡಿದಿದ್ದೆ. ಅದು ನನ್ನ ದನಿಯಲ್ಲೇ ಗೊತ್ತಾಗಿತ್ತು. ಕ್ಷಮೆ ಕೇಳಿ ಮೆಸೇಜ್ ಮಾಡಿದೆ. ನಾಲ್ಕು ದಿನದ ಮೇಲೆ ಅವರೊಬ್ಬರೇ ಮಾತಾಡಿದರು.

ಅವರ ಮಾತಿನಲ್ಲಿ ದುರಾಸೆ ಇರಲಿಲ್ಲ. "ಇಲ್ಲಿ ನಾವು ನಾಲ್ಕು ಡೀಲರ್‌ಗೆ ಇ-ಮೇಲ್ ಹಾಕ್ತೀವಿ. ಎಲ್ಲ ಸೇರಿ ಕೊನೇ ರೇಟು ಎಷ್ಟು ಅಂತ ಬರಹದಲ್ಲಿ ತರಿಸ್ಕೊಳ್ತೀವಿ. ಹಳೇ ಕಾರಿನ ಮಾತು ಆಮೇಲೆ. ಸರಿ ಬರಲಿಲ್ಲ ಅಂದ್ರೆ ಎದ್ದು ಬರ್ತೀವಿ. ಅದರಲ್ಲಿ ಅವಮಾನ ಏನಿದೆ?" ಅಂದರು. ಅಲ್ಲಿ ಅವರು ಎದ್ದು ಬರುವುದು ಗುರುತೇ ಇಲ್ಲದವರ ಎದುರಿಂದ. ಇಲ್ಲಿ ತಮ್ಮ ಎದ್ದು ಬಂದಿದ್ದು ತಾನು ಪಾಠ ಹೇಳಿದ ಹುಡುಗನ ಎದುರಿಂದ. ಇದನ್ನು ಹೇಳಿದಾಗ ತುಂಬಾ ಹೊತ್ತು ಸುಮ್ಮನಿದ್ದರು.

ಇನ್ನೊಂದು ಅನುಮಾನವೂ ಅವರಿಗಿತ್ತು. ಟೆಕ್ಸಾಸ್‌ನಲ್ಲಿ ಡೀಲರ್‌ಗೆ ಹಳೆ ಕಾರು ಕೊಟ್ಟು ಹೊಸದು ತೆಗೆದುಕೊಂಡರೆ, ಹಳೆಯದರ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ 6.25 ಶೇಕಡಾ ಮಾರಾಟ ತೆರಿಗೆ. ಹಾಸನದ ಕೊಟೇಶನ್‌ನಲ್ಲಿ ಪೂರ್ತಿ ಬೆಲೆಯ ಮೇಲೆ ತೆರಿಗೆ ಹಾಕಿದ್ದರು. ತಮ್ಮನಿಗೆ ಯಾರೋ ಟೋಪಿ ಹಾಕುತ್ತಿದ್ದಾರೆ, ಅವನು ಹೇಳುತ್ತಿಲ್ಲ ಅಂತ ಅಣ್ಣ ಅಂದುಕೊಂಡಿದ್ದರು. ನಮ್ಮಲ್ಲಿ ಆ ಕಳೆಯುವ ಲೆಕ್ಕ ಇಲ್ಲ. ಹೊಸ ಕಾರಿನ ಪೂರ್ತಿ ಬೆಲೆಯ ಮೇಲೆ ಜೀವಾವಧಿ ತೆರಿಗೆ (ನೋಂದಣಿ ಮಾಡಿಸುವಾಗ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ) ಬೀಳುತ್ತದೆ. ಇಷ್ಟು ಚಿಕ್ಕ ವಿಷಯ ಇಬ್ಬರ ನಡುವೆ ಎಷ್ಟು ದೊಡ್ಡ ಗೋಡೆ ಕಟ್ಟಿತ್ತು ನೋಡಿ.

ಮಾತು ಮುಗಿಸುವ ಮೊದಲು ಅಣ್ಣ ತಾವಾಗೇ ಹೇಳಿದರು: "ಅಪ್ಪ ಹೋದಾಗ ನಾನು ಬಂದು ಸೇರಿದ್ದು ಹಾಲುತುಪ್ಪದ ದಿನ. ಎಲ್ಲ ಅವನೇ ಮಾಡಿದ್ದ. ಇದೊಂದಾದ್ರೂ ನಾನು ಸರಿಯಾಗಿ ಮಾಡ್ಬೇಕು ಅಂತ ಇತ್ತು."

ತಮ್ಮ ತಂದ ಕಾಗದಗಳನ್ನು ಮೇಜಿನ ಮೇಲೆ ಹರಡಿ ಕೂತೆವು. ಹೊಸ ಕಾರಿನ ಲೆಕ್ಕ ಒಂದು ಹಾಳೆಯಲ್ಲಿ, ಹಳೆ ಕಾರಿನದ್ದು ಇನ್ನೊಂದರಲ್ಲಿ ಬರೆಯಿರಿ ಅಂದೆ. ಬರೆಯುತ್ತಾ ಹೋದ ಹಾಗೆ ಅವರ ಮುಖ ಬದಲಾಯಿತು. ಮೈಸೂರಿನವರು ಹಳೆ ಕಾರಿಗೆ 25,000 ಜಾಸ್ತಿ ಕೊಟ್ಟಿದ್ದರು, ನಿಜ. ಆದರೆ ಹೊಸದರ ಮೇಲೆ 20,000 ಕಡಿಮೆ ಬಿಟ್ಟಿದ್ದರು. ಜೊತೆಗೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ 6,500 ಸೇರಿಸಿದ್ದರು. ಒಟ್ಟಿಗೆ ನೋಡಿದರೆ ಹಾಸನವೇ 1,500 ಅಗ್ಗ! ತಿಂಗಳುಗಟ್ಟಲೆ ಮನಸ್ಸು ಕೆಡಿಸಿದ 25,000 ನಿಜಕ್ಕೂ ಇರಲೇ ಇಲ್ಲ. ಆ ಹಾಳೆಯ ಫೋಟೋವನ್ನು ಅವರು ಅಲ್ಲೇ ಕೂತು ಅಣ್ಣನಿಗೆ ಕಳಿಸಿದರು. ಮಾತು ಏನೂ ಬರೆಯಲಿಲ್ಲ, ಬರೀ ಹಾಳೆ.

ಅಣ್ಣ ಹೇಳಿದ ಪದ್ಧತಿ, ಅಂದರೆ ಎರಡು ಲೆಕ್ಕ ಬೇರೆ ಬೇರೆ ಇಡುವುದು, ಸರಿಯಾಗಿಯೇ ಇತ್ತು. ಅದನ್ನು ಮಾಡಲು ಬೇಕಾದ ಸಮಯವನ್ನು ಅವರು ತಮ್ಮನಿಗೆ ಕೊಟ್ಟಿರಲಿಲ್ಲ, ಅಷ್ಟೇ.

ಕಾಗದ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹಳೆ ಕಾರಿನ ಆರ್‌ಸಿ, ಅಂದರೆ ನೋಂದಣಿ ಪತ್ರ, ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಮಾಲೀಕರು ತೀರಿಕೊಂಡರೆ ವಾರಸುದಾರರು ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. 14 ತಿಂಗಳು ಕಳೆದಿತ್ತು. ಮಾರುವುದಕ್ಕೆ ಫಾರಂ 29, 30ಕ್ಕೆ ಮಾಲೀಕರ ಸಹಿ ಬೇಕು. ಅಪ್ಪ ಇಲ್ಲ. ಇಷ್ಟು ದಿನ ಯಾರೂ ಮಾರಲಾಗದ ಕಾರಿಗೆ ಇವರು ಚೌಕಾಸಿ ಮಾಡುತ್ತಿದ್ದರು! ಶೋರೂಮಿನವರು ಆಮೇಲೆ ನೋಡಿಕೊಳ್ಳೋಣ ಅಂದಿದ್ದರಂತೆ. ಅದನ್ನು ನಂಬಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಆರ್‌ಸಿಯಲ್ಲಿ ಯಾರ ಹೆಸರು ಇರುತ್ತದೋ ಅಪಘಾತವಾದರೆ ಹೊಣೆ ಅವರ ಮೇಲೆ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ತೀರ್ಪು ಕೊಟ್ಟಿದೆ.

ಹಾಗಾಗಿ ಮೊದಲ ಸಲಹೆ, ಚೌಕಾಸಿ ಪೂರ್ತಿ ನಿಲ್ಲಿಸಿ. ಮೊದಲು ಕಾರು ಅಮ್ಮನ ಹೆಸರಿಗೆ ಆಗಲಿ. ಮರಣ ಪತ್ರ ಇತ್ತು. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿದರು. ಆರ್‌ಟಿಒದಲ್ಲಿ ಇಬ್ಬರು ಮಕ್ಕಳ ಒಪ್ಪಿಗೆ ಪತ್ರವನ್ನೂ ಕೇಳಿದರು. ಅಣ್ಣ ಅಲ್ಲಿಯ ಭಾರತೀಯ ದೂತಾವಾಸ ಕಚೇರಿಗೆ ಹೋಗಿ ಸಹಿ ದೃಢೀಕರಿಸಿ, ಕೊರಿಯರ್ ಮಾಡಿದರು. ನನಗೆ ಇದು ಬರೀ ಕಾಗದದ ಕೆಲಸ ಅನ್ನಿಸಲಿಲ್ಲ. ಅಣ್ಣನೇ ಮಾಡಬೇಕಾದ, ಅವರು ಬಿಟ್ಟರೆ ಬೇರೆ ಯಾರೂ ಮಾಡಲಾಗದ ಕೆಲಸ ಅದು. ಅರ್ಧ ದಿನ ರಜೆ ಹಾಕಿ ಹೋಗಿದ್ದೆ ಅಂತ ಅವರು ಹೇಳುವಾಗ ದನಿಯಲ್ಲಿ ನೆಮ್ಮದಿ ಇತ್ತು. ಅಪ್ಪ ಐದು ವರ್ಷಕ್ಕಿಂತ ಜಾಸ್ತಿ ಕಾಲ ಕ್ಲೇಮ್ ಇಲ್ಲದೆ ಗಳಿಸಿದ್ದ ನೋ ಕ್ಲೇಮ್ ಬೋನಸ್, ಅಂದರೆ ಇನ್ಶೂರೆನ್ಸ್ ಕಂತಿನಲ್ಲಿ ಸಿಗುವ ರಿಯಾಯಿತಿ, 50 ಶೇಕಡಾ ಇತ್ತು. ಅದು ವಾರಸುದಾರರಿಗೆ ಬರುತ್ತದೆ, ಬಿಡಬೇಡಿ, ಹೊಸ ಕಾರಿನ ಇನ್ಶೂರೆನ್ಸ್‌ಗೆ ಹಾಕಿಸಿ ಅಂತಲೂ ಹೇಳಿದೆ.

ಅಮ್ಮನನ್ನು ನಾನು ಮೊದಲು ನೋಡಿದ್ದು ತಮ್ಮ ನಾಲ್ಕನೇ ಸಲ ಬಂದಾಗ. ಮಗನ ಜೊತೆ ಬಂದಿದ್ದರು. ಕಾರಿನ ಬಗ್ಗೆ ನಿಮಗೆ ಏನನ್ನಿಸುತ್ತೆ ಅಂತ ಕೇಳಿದೆ.

"ನಂಗೇ ಕಾರು ಅಂತೀರಿ. ನನ್ನ ಒಂದ್ಸಲ ಕೂರಿಸಿ ನೋಡಿದೋರು ಯಾರು?"

ತಮ್ಮ ತಲೆ ತಗ್ಗಿಸಿದರು. ಮಾರನೇ ಭಾನುವಾರ ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋದರು. ಅಣ್ಣ ಆರಿಸಿದ್ದ ಎಸ್‌ಯುವಿ ಎತ್ತರ ಜಾಸ್ತಿ, ಮಂಡಿ ಎತ್ತಿ ಹತ್ತಲು ಆಗಲಿಲ್ಲ. ಇನ್ನೊಂದು ತೀರಾ ತಗ್ಗು, ಇಳಿಯುವಾಗ ಎದ್ದು ನಿಲ್ಲಲು ಆಗಲಿಲ್ಲ. ಸೊಂಟದ ಮಟ್ಟಕ್ಕೆ ಸೀಟಿದ್ದ ಕಾರಿನಲ್ಲಿ ಮಾತ್ರ ಸುಮ್ನೆ ಕೂತು, ಸುಮ್ನೆ ಇಳಿದರು. ಅದರ ಬೆಲೆ 7 ಲಕ್ಷದ 20 ಸಾವಿರ.

ಇದರಿಂದ ಲೆಕ್ಕ ಪೂರ್ತಿ ತಿರುಗಿತು. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ 14 ಶೇಕಡಾ, 10 ಲಕ್ಷ ದಾಟಿದರೆ 17. ಮೇಲೆ ಸೆಸ್ ಬೇರೆ. ಎಸ್‌ಯುವಿಗೆ ತೆರಿಗೆಯೇ 1,80,200 ಆಗುತ್ತಿತ್ತು, ಇದಕ್ಕೆ 1,00,800. ತೆರಿಗೆಯಲ್ಲೇ 79,400 ಉಳಿಯಿತು. ನಾಲ್ಕು ಶೋರೂಂ ಸುತ್ತಿ ಅಷ್ಟು ಉಳಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ಐದನೇ ಸಲ ಅಣ್ಣ ತಮ್ಮ ಒಟ್ಟಿಗೆ ಕೂತರು. ಈ ಸಲ ಮೊದಲೇ ಇಬ್ಬರಿಗೂ ಏನು ಮಾತು ಅಂತ ತಿಳಿಸಿದ್ದೆ. ನಾನು ಕೊಟ್ಟ ಸಲಹೆ ಕೆಲವೇ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಹೊಸ ಕಾರಿಗೆ ಹೆಚ್ಚೆಂದರೆ ಎಷ್ಟು, ಹಳೆಯದಕ್ಕೆ ಕಡಿಮೆ ಅಂದರೆ ಎಷ್ಟು, ಇವೆರಡನ್ನು ನೀವಿಬ್ಬರೇ ಮೊದಲು ಮಾತಾಡಿ ಬರೆದಿಡಿ. ಆ ಗೆರೆಯೊಳಗೆ ಶೋರೂಮಿನಲ್ಲಿ ನಿಂತವನ ಮಾತೇ ಕೊನೆ. ಅಲ್ಲಿಂದ ಫೋನ್ ಮಾಡಿ ಕೇಳುವ ಹಾಗಿಲ್ಲ, ಅಣ್ಣ ಶೋರೂಮಿಗೆ ನೇರ ಫೋನ್ ಮಾಡುವ ಹಾಗೂ ಇಲ್ಲ. ದುಡ್ಡು ತಮ್ಮನ ಖಾತೆಗೆ ಬರುವುದು ಬೇಡ, ಅಮ್ಮನ ಖಾತೆಗೆ ಬರಲಿ, ಬಿಲ್ಲು ಅಮ್ಮನ ಹೆಸರಿಗೆ ಆಗಲಿ. ಮಗ ಅಮ್ಮನಿಗೆ ಕೊಟ್ಟ ದುಡ್ಡಿಗೆ ಅಮ್ಮ ಆದಾಯ ತೆರಿಗೆ ಕಟ್ಟಬೇಕಿಲ್ಲ. ಹೀಗೆ ಮಾಡಿದರೆ ಯಾರ ಕೈಯಲ್ಲಿ ಎಷ್ಟು ಹೋಯಿತು ಅನ್ನುವ ಪ್ರಶ್ನೆಗೆ ಜಾಗವೇ ಇರುವುದಿಲ್ಲ.

ತಮ್ಮನಿಗೂ ಒಂದು ಮಾತು ಹೇಳಬೇಕಿತ್ತು. ನೀವು ನಾಲ್ಕು ಸಲವೂ "ಸರಿ ಅಣ್ಣ" ಅಂದಿರಿ. ಒಂದು ಸಲವೂ "ನಂಗೆ ಕಷ್ಟ ಆಗ್ತಿದೆ" ಅನ್ನಲಿಲ್ಲ. ಅಷ್ಟು ದೂರದಲ್ಲಿರುವವರಿಗೆ ಮುಖ ನೋಡಿ ತಿಳಿದುಕೊಳ್ಳಲು ಆಗುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಅವರು ಅಲ್ಲೇ ಹೇಳಿದರು: "ಅಣ್ಣ, ಆ ಹುಡುಗನ ಮುಂದೆ ನೀನು ಹಂಗೆ ಕೇಳಿದ್ದು ನಂಗೆ ತಡಕೊಳ್ಳೋಕೆ ಆಗ್ಲಿಲ್ಲ." ಅಣ್ಣ ಕನ್ನಡಕ ತೆಗೆದರು. "ತಪ್ಪಾಯ್ತು ಕಣೋ" ಅಂದರು. ನಾನು ಮಧ್ಯೆ ಏನೂ ಮಾತಾಡಲಿಲ್ಲ.

ಆರ್‌ಸಿ ಅಮ್ಮನ ಹೆಸರಿಗೆ ಬರುವಷ್ಟರಲ್ಲಿ ಜನವರಿ. ತೋಟದಲ್ಲಿ ಕಾಫಿ ಕೊಯ್ಲು. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ತಮ್ಮ ಅದೇ ಹಾಸನದ ಶೋರೂಮಿಗೆ, ಅದೇ ಹುಡುಗನ ಹತ್ತಿರ ಹೋದರು. ಮೊದಲು ಅವತ್ತು ಆಗಿದ್ದಕ್ಕೆ ಬೇಸರ ಮಾಡ್ಕೋಬೇಡ ಅಂತ ಹೇಳಿದರಂತೆ. ಹೊಸ ಕೊಟೇಶನ್‌ನಲ್ಲಿದ್ದ ಹ್ಯಾಂಡ್ಲಿಂಗ್ ಚಾರ್ಜ್ ತೆಗೆಸಿದರು. ಹಳೆ ಕಾರಿಗೆ 1,72,000, ಎಕ್ಸ್‌ಚೇಂಜ್ ಬೋನಸ್ ಬೇರೆ 20,000. ಇಪ್ಪತ್ತು ನಿಮಿಷದಲ್ಲಿ ಮುಗಿಸಿದರು. ಯಾರಿಗೂ ಫೋನ್ ಮಾಡಲಿಲ್ಲ. ಅಣ್ಣ ಅಲ್ಲಿ ಮಲಗಿದ್ದರು. ಎದ್ದು ನೋಡಿದಾಗ ಮೊಬೈಲಿನಲ್ಲಿ ಒಪ್ಪಂದದ ಹಾಳೆಯ ಫೋಟೋ ಇತ್ತು. "ಚೆನ್ನಾಗಿ ಮಾಡಿದೀಯ" ಅಂತಷ್ಟೇ ಬರೆದರಂತೆ.

ಎದೆ ಹಿಡಿಯುವುದು ಈಗಲೂ ತಿಂಗಳಿಗೆ ಒಂದೆರಡು ಸಲ ಆಗುತ್ತದೆ. ಅದಕ್ಕೆ ಬೇರೆಯಾಗಿ ಬರುತ್ತಿದ್ದಾರೆ. ಕಾರಿನ ಫೈಲನ್ನು ಮಾತ್ರ ನಾನು ಡೆಲಿವರಿ ದಿನ ಮುಚ್ಚಲಿಲ್ಲ. ಅಪ್ಪನ ವ್ಯಾಗನ್‌ಆರ್ ಕೊಂಡವರ ಹೆಸರಿಗೆ ವರ್ಗಾವಣೆ ಆಗಬೇಕಿತ್ತು. ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ನೋಡುತ್ತಿರಿ ಅಂದಿದ್ದೆ. ಐದು ವಾರದ ಮೇಲೆ ತಮ್ಮ ಬಂದು, ಮಾಲೀಕರ ಹೆಸರು ಬದಲಾಗಿದ್ದನ್ನು ಮೊಬೈಲಿನಲ್ಲಿ ತೋರಿಸಿದರು. ಅವತ್ತು ಮುಚ್ಚಿದೆ.