ನೂರು ದಿನಕ್ಕೆ ಹೆಸರು ಬರುತ್ತದೆ, ಹತ್ತಿ ಬರುವುದಿಲ್ಲ

ಓದುಗರ ಪತ್ರ: "ಸಂಪಾದಕರೇ, ನನ್ನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಹೊಸ ಅಧ್ಯಕ್ಷರ ಆಡಳಿತ ಬಂದಾಗಲೆಲ್ಲ ಫೋನಿನಲ್ಲಿ ನಮ್ಮಿಬ್ಬರ ಜಗಳ ಶುರು. ಅವನು ಪಾಸ್ ಅಂದರೆ ನಾನು ಫೇಲ್ ಅನ್ನುತ್ತೇನೆ. ಟಿವಿಯವರಂತೂ ನೂರು ದಿನಕ್ಕೇ ಅಂಕ ಕೊಟ್ಟುಬಿಡುತ್ತಾರೆ. ನಿಜವಾಗಿ ಅಳೆಯುವುದು ಹೇಗೆ? ಇನ್ನೊಂದು ಮಾತು, ನಿಮ್ಮ ಪತ್ರಿಕೆ ನಮ್ಮೂರಿಗೆ ನಾಲ್ಕು ದಿನ ತಡವಾಗಿ ಬರುತ್ತಿದೆ." (ಗದಗ ಜಿಲ್ಲೆಯ ಓದುಗರೊಬ್ಬರು)

ಸಂಪಾದಕರ ಉತ್ತರ: ಪತ್ರ ಓದಿ ನಗು ಬಂತು. ನಮ್ಮ ಧಾರವಾಡದ ಕಚೇರಿಯಲ್ಲೂ ಚಹಾದ ಹೊತ್ತಿಗೆ ಇದೇ ಜಗಳ. ನಮ್ಮ ಪ್ರೂಫ್ ನೋಡುವವರು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ. ಬಸ್ಸಿಳಿಯುವಷ್ಟರಲ್ಲಿ ಯಾವುದಾದರೊಂದು ಸರ್ಕಾರವನ್ನು ಫೇಲ್ ಮಾಡಿ ಮುಗಿಸಿರುತ್ತಾರೆ.

ನೀವು ಎರೆ ಭೂಮಿಯವರು. ನಿಮ್ಮ ಹೊಲದಿಂದಲೇ ಶುರು ಮಾಡೋಣ. ಮುಂಗಾರಿಗೆ ಬಿತ್ತಿದ ಹೆಸರು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಹತ್ತಿಗೆ ಐದಾರು ತಿಂಗಳು ಬೇಕು. ಆಪೂಸ್ ಮಾವಿನ ಕಸಿ ನೆಟ್ಟರೆ ನಾಲ್ಕೈದು ವರ್ಷ ಕಾಯಬೇಕು. ನೂರನೇ ದಿನ ಮೂರಕ್ಕೂ ಒಂದೇ ತಕ್ಕಡಿ ಹಿಡಿದುಕೊಂಡು ಹೋದರೆ ಮಾವಿನ ಗಿಡ ಏನು ಹೇಳೀತು?

ಈ ನೂರು ದಿನದ ಲೆಕ್ಕ ಹುಟ್ಟಿದ್ದು 1933ರಲ್ಲಿ. ಮಾರ್ಚ್ 4ಕ್ಕೆ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ಹಿಡಿದಾಗ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಹಾಕುತ್ತಿದ್ದವು. ಎರಡೇ ದಿನದಲ್ಲಿ ಅವರು ದೇಶದ ಎಲ್ಲ ಬ್ಯಾಂಕಿಗೂ ರಜೆ ಕೊಟ್ಟರು. 9ರಂದು ಮಂಡಿಸಿದ ಬ್ಯಾಂಕ್ ಮಸೂದೆ ಅದೇ ದಿನ ಪಾಸಾಯಿತು. 12ರ ರಾತ್ರಿ ರೇಡಿಯೋದಲ್ಲಿ ಜನರಿಗೆ ಸರಳವಾಗಿ ತಿಳಿಸಿ ಹೇಳಿದರು. ಮರುದಿನ ಬ್ಯಾಂಕು ತೆರೆದಾಗ ಜನ ತೆಗೆದಿಟ್ಟುಕೊಂಡಿದ್ದ ಹಣವನ್ನು ವಾಪಸ್ ಕಟ್ಟಲು ಸಾಲು ನಿಂತರು. ಇದು ಹೆಸರಿನ ಬೆಳೆ. ನೂರು ದಿನದಲ್ಲಿ ಅಳೆಯಬಹುದು, ಪೂರ್ತಿ ಅಂಕವನ್ನೂ ಕೊಡಬಹುದು.

ಆದರೆ ಅದೇ ನೂರು ದಿನದಲ್ಲಿ ಭಾರೀ ಸದ್ದು ಮಾಡಿದ್ದ ಕೈಗಾರಿಕಾ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1935ರಲ್ಲಿ ಕಿತ್ತುಹಾಕಿತು. 1936ರಲ್ಲಿ ಕೃಷಿ ಕಾಯ್ದೆಗೂ ಅದೇ ಗತಿ. ಗಟ್ಟಿಯಾಗಿ ಉಳಿದದ್ದು ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಇಟ್ಟ ಹಣ ಇಂತಿಷ್ಟರವರೆಗೆ ಕೈಗೆ ಸಿಗುವ ಏರ್ಪಾಡು. ತಮಾಷೆ ಅಂದರೆ, ಅದಕ್ಕೆ ಮೊದಲು ರೂಸ್‌ವೆಲ್ಟರಿಗೇ ಮನಸ್ಸಿರಲಿಲ್ಲ. ನಮ್ಮಲ್ಲಿ ಅಂಥದ್ದೇ ವಿಮೆ 1962ರಲ್ಲಿ ಬಂತು. ನಿಮ್ಮ ಪಿಂಚಣಿ ಹಣ ಬ್ಯಾಂಕಿನಲ್ಲಿದ್ದರೆ 2020ರಿಂದ 5 ಲಕ್ಷದವರೆಗೆ ಅದಕ್ಕೆ ರಕ್ಷಣೆ ಇದೆ.

ಇನ್ನು ಜನಪ್ರಿಯತೆಯ ಸಮೀಕ್ಷೆ. ಅದನ್ನು ನಾನು ಜಾಸ್ತಿ ನಂಬುವುದಿಲ್ಲ. ಕಾರಣ ಜಾನ್ ಕೆನಡಿ. ಅವರು ಅಧ್ಯಕ್ಷರಾಗಿ ಮೂರು ತಿಂಗಳಾಗಿತ್ತು. 1961ರ ಏಪ್ರಿಲ್ 17ರಂದು, ಕ್ಯೂಬಾ ಬಿಟ್ಟು ಬಂದಿದ್ದ ಸುಮಾರು 1,400 ಜನರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟು, ಅಲ್ಲಿನ ಸರ್ಕಾರ ಉರುಳಿಸಲು ಕ್ಯೂಬಾದ ಬೇ ಆಫ್ ಪಿಗ್ಸ್ ದಂಡೆಗೆ ಇಳಿಸಿತು. ಮೂರೇ ದಿನದಲ್ಲಿ ಎಲ್ಲ ಮುಗಿಯಿತು. ಸಾವಿರಕ್ಕೂ ಹೆಚ್ಚು ಜನ ಸೆರೆ ಸಿಕ್ಕರು. ಯೋಜನೆ ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಕಾಲದ್ದು, ಹೂಂ ಅಂದದ್ದು ಕೆನಡಿ. ನೂರನೇ ದಿನದ ಆಸುಪಾಸಿನಲ್ಲಿ ಗ್ಯಾಲಪ್ ಸಮೀಕ್ಷೆ ನಡೆಯಿತು. ಶೇ 83 ಜನ ಅವರನ್ನು ಮೆಚ್ಚಿದ್ದರು! ಅಷ್ಟು ದೊಡ್ಡ ಸೋಲಿನ ಬೆನ್ನಿಗೇ ಡಿಸ್ಟಿಂಕ್ಷನ್.

ನನಗೆ ಕೆನಡಿಯ ನಿಜವಾದ ಅಂಕ ಕಾಣುವುದು ಮುಂದಿನ ವರ್ಷ. ಮೊದಲ ಸಲ ಅವರು ಸಿಐಎ ಮತ್ತು ಸೇನೆಯ ಮಾತಿಗೆ ತಲೆ ಆಡಿಸಿದ್ದರು. 1962ರ ಅಕ್ಟೋಬರಿನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಸೇನಾ ಮುಖ್ಯಸ್ಥರು ಬಾಂಬ್ ಹಾಕೋಣ ಅಂದರು. ಈ ಸಲ ಅವರು ಒಪ್ಪಲಿಲ್ಲ. ಸಲಹೆಗಾರರನ್ನು ಕೂಡಿಸಿ ವಾದ ಮಾಡಲು ಬಿಟ್ಟರು. ತಾವಿದ್ದರೆ ಬಾಯಿ ಬಿಡುವುದಿಲ್ಲ ಅಂತ ಕೆಲವು ಸಭೆಗಳಿಗೆ ಬೇಕಂತಲೇ ಹೋಗಲಿಲ್ಲ. ಕೊನೆಗೆ ಸಮುದ್ರದಲ್ಲಿ ದಿಗ್ಬಂಧನ ಹಾಕಿ, ಮಾತುಕತೆಗೆ ಬಾಗಿಲು ತೆರೆದಿಟ್ಟರು. 13 ದಿನಕ್ಕೆ ಗಂಡಾಂತರ ಕಳೆಯಿತು. ಒಮ್ಮೆ ಎಡವಿದವರು ಎರಡನೇ ಸಲ ಕಾಲು ಹೇಗೆ ಊರಿದರು ಎಂಬುದನ್ನು ಯಾವ ಸಮೀಕ್ಷೆ ಕೇಳುತ್ತದೆ, ಹೇಳಿ?

ಬಿತ್ತಿದವರೇ ರಾಶಿ ಮಾಡುತ್ತಾರೆ ಅಂತಲೂ ಇಲ್ಲ. ಬೆಲೆಯೇರಿಕೆ ತಡೆಯಲು 1979ರಲ್ಲಿ ಪಾಲ್ ವೋಲ್ಕರ್ ಅವರನ್ನು ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿ ತಂದವರು ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್. ವೋಲ್ಕರ್ ಬಡ್ಡಿ ಏರಿಸಿದರು, ಜನ ಒದ್ದಾಡಿದರು, 1980ರಲ್ಲಿ ಕಾರ್ಟರ್ ಸೋತರು. ಬೆಲೆಯೇರಿಕೆ ಇಳಿದು ಹೆಸರು ಬಂದದ್ದು ಅವರ ನಂತರದ ಅಧ್ಯಕ್ಷ ರೇಗನ್ನರಿಗೆ. ಅಲ್ಲಿ ಅಧ್ಯಕ್ಷರು ಬರುವುದು ಜನವರಿ 20ಕ್ಕೆ, ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಮೊದಲ ಎಂಟು ತಿಂಗಳ ಅಡುಗೆಯ ಸಾಮಾನು ಹೆಚ್ಚಾಗಿ ಹಳಬರು ತಂದಿಟ್ಟದ್ದೇ.

ಹಾಗಂತ ಎಲ್ಲದಕ್ಕೂ ಸುಮ್ನೆ ಕಾಯಬೇಕಿಲ್ಲ. ಬಿತ್ತನೆ ಕಾಳನ್ನೇ ಹುರಿದು ತಿನ್ನುವವರನ್ನು ಕಂಡರೆ ಸುಗ್ಗಿಯವರೆಗೆ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು? ಕೋರ್ಟಿನ ಆದೇಶ ಮೀರಿದರೆ, ಲೆಕ್ಕ ತಪಾಸಣೆ ಮಾಡುವವರನ್ನು ಓಡಿಸಿದರೆ, ಅಂಕಿ ಅಂಶ ಮುಚ್ಚಿಟ್ಟರೆ ಮೊದಲ ವಾರದಲ್ಲೇ ಫೇಲ್ ಅನ್ನಿ. ನಾನೂ ನಿಮ್ಮ ಜೊತೆ ಅನ್ನುತ್ತೇನೆ. ಮೊದಲ ದಿನವೇ ಕ್ಯಾಮೆರಾ ಮುಂದೆ ಹತ್ತಾರು ಆದೇಶಕ್ಕೆ ಸಹಿ ಹಾಕಿದರು ಅಂತ ಪಾಸ್ ಮಾತ್ರ ಮಾಡಬೇಡಿ. ಒಬ್ಬರ ಸಹಿಯನ್ನು ಮುಂದಿನವರ ಸಹಿ ಅಳಿಸುತ್ತದೆ. ಸಂಸತ್ತಿನಲ್ಲಿ ಪಾಸಾದ ಕಾನೂನು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಒಬಾಮಾ 2010ರಲ್ಲಿ ತಂದ ಆರೋಗ್ಯ ವಿಮೆ ಕಾಯ್ದೆಯನ್ನು ತೆಗೆಯಲು 2017ರಲ್ಲಿ ಹೊರಟವರು ಅಲ್ಲಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಒಂದು ಮತ ಕಡಿಮೆ ಬಿದ್ದು ಸೋತರು.

ಮುಂದಿನ ಸಲ ಮಗ ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: "ನೀನು ಹೇಳುತ್ತಿರುವುದು ಹೆಸರೋ, ಹತ್ತಿಯೋ, ಮಾವೋ?" ಜಗಳ ನಿಲ್ಲುತ್ತದೆ ಅಂತ ಭರವಸೆ ಕೊಡಲಾರೆ.

ಪತ್ರಿಕೆ ತಡವಾಗುವ ಮಾತು ನಿಜ. ಬಂಡಲ್ ಕಳಿಸುವುದರಲ್ಲಿ ನಮ್ಮ ಕಚೇರಿಯದೇ ತಪ್ಪಾಗಿದೆ. ಈ ವಿಷಯದಲ್ಲಿ ನಾವು ಫೇಲ್. ಮುಂದಿನ ಸಂಚಿಕೆ ಯಾವತ್ತು ಕೈ ಸೇರಿತು ಅಂತ ಒಂದು ಕಾರ್ಡು ಬರೆಯಿರಿ.