ಓದುಗರ ಪ್ರಶ್ನೆ: ಧ್ರುವದ ಮೇಲಿನ ಗಾಳಿಯನ್ನ ಅಳೀಲಿಕ್ಕೆ ವಿಮಾನವೇ ಯಾಕೆ ಬೇಕು?

ಪ್ರಶ್ನೆ: ಓಝೋನ್ ರಂಧ್ರವನ್ನ ಸ್ಯಾಟಲೈಟ್ ತೋರಿಸ್ತದಲ್ಲಾ ಸರ್, ಮತ್ತೆ ಅಂಟಾರ್ಕ್ಟಿಕಾದ ಮೇಲೆ ಅಷ್ಟು ಎತ್ತರಕ್ಕೆ ವಿಮಾನ ಕಳಿಸಿದ್ದು ಎಂತಕ್ಕೆ?
(ಹತ್ತನೇ ಕ್ಲಾಸಿನ ವಿದ್ಯಾರ್ಥಿನಿ, ಪೆರ್ಲ)

ಗುಡ್ಡೆ ಮೇಲೆ ನಿಂತು ಕೆಳಗಿನ ಅಡಿಕೆ ತೋಟ ನೋಡಿದ್ರೆ ಎಷ್ಟು ಮರದ ಸೋಗೆ ಹಳದಿ ಆಗಿದೆ ಅಂತ ಚೆಂದಕ್ಕೆ ಕಾಣ್ತದೆ ಮಗಾ, ಬೇಕಾದ್ರೆ ಲೆಕ್ಕವೂ ಹಾಕ್ಬಹುದು. ಆದ್ರೆ ಅದು ಹಳದಿ ರೋಗವೋ, ಬುಡದಲ್ಲಿ ನೀರು ನಿಂತದ್ದೋ, ಗೊಬ್ಬರ ಸಾಲದ್ದೋ ಅಂತ ಹೇಳ್ಬೇಕಾದ್ರೆ ತೋಟಕ್ಕೆ ಇಳಿದು ಬುಡದ ಮಣ್ಣು ಕೆದಕಿ ನೋಡ್ಲೇಬೇಕು. ಓಝೋನ್ ವಿಷಯದಲ್ಲಿಯೂ ಹಾಗೇ ಆದದ್ದು.

1985ರಲ್ಲಿ ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಅಂತ ಮೂವರು ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಹ್ಯಾಲಿ ಬೇ ಸ್ಟೇಶನ್ನಿನ ಅಳತೆ ಇಟ್ಟುಕೊಂಡು ಅಲ್ಲಿ ಪ್ರತಿ ವಸಂತದಲ್ಲಿ (ಅಲ್ಲಿ ಅದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ) ಓಝೋನ್ ಕುಸೀತಾ ಉಂಟು ಅಂತ ಪ್ರಕಟಿಸಿದ್ರು. ಸ್ಯಾಟಲೈಟಿನ ಮ್ಯಾಪಿನಲ್ಲಿಯೂ ಅದು ಕಂಡಿತು. ಕಾರಣ ಎಂತದು ಅಂತ ಮಾತ್ರ ಜಗಳ. ಫ್ರಿಜ್ಜು, ಎಸಿ, ಸ್ಪ್ರೇ ಕ್ಯಾನಿನ ಸಿಎಫ್‌ಸಿ ಅನ್ನುವ ಅನಿಲದಿಂದ ಬಂದ ಕ್ಲೋರಿನ್ ಓಝೋನನ್ನ ತಿಂದು ಹಾಕ್ತಾ ಉಂಟು ಅಂತ ಕೆಲವರು, ಅಲ್ಲ ಅಲ್ಲ ಓಝೋನ್ ಕಡಿಮೆ ಇರುವ ಕೆಳಗಿನ ಗಾಳಿ ಮೇಲೆ ಏರಿ ಬರ್ತಾ ಉಂಟು ಅಷ್ಟೇ ಅಂತ ಕೆಲವರು, ಸೂರ್ಯನ ಚಟುವಟಿಕೆ ಹೆಚ್ಚಾಗಿ ನೈಟ್ರೋಜನ್ ಆಕ್ಸೈಡುಗಳು ಜಾಸ್ತಿಯಾದದ್ದು ಅಂತ ಇನ್ನು ಕೆಲವರು. ಮೂರರಲ್ಲಿ ಯಾವುದು ನಿಜ ಆದ್ರೂ ಮ್ಯಾಪಿನಲ್ಲಿ ಕಾಣುವ ರಂಧ್ರ ಒಂದೇ!

ಹಾಗಾಗಿ 1987ರ ಆಗಸ್ಟ್-ಸೆಪ್ಟೆಂಬರಿನಲ್ಲಿ ನಾಸಾದವರು ಚಿಲಿ ದೇಶದ ದಕ್ಷಿಣ ತುದಿಯ ಪುಂಟಾ ಅರೆನಾಸ್‌ಗೆ ಎರಡು ವಿಮಾನ ತಂದ್ರು. ಕೆಳಗೆ ಹಾರ್ಲಿಕ್ಕೆ ಡಿಸಿ-8, ಮೇಲೆ ಹೋಗ್ಲಿಕ್ಕೆ ಇಆರ್-2. ಈ ಇಆರ್-2 ಅಂದ್ರೆ ಹಿಂದಿನ ಯು-2 ಗೂಢಚಾರ ವಿಮಾನದ ಜಾತಿಯದ್ದು, 20 ಕಿಲೋಮೀಟರ್ ಎತ್ತರಕ್ಕೆ ಹೋಗ್ತದೆ, ಅಂದ್ರೆ ಓಝೋನ್ ಸಾಯ್ತಾ ಇರುವ ಜಾಗಕ್ಕೇ. ಅದರ ರೆಕ್ಕೆಯಲ್ಲಿ ಹಾರ್ವರ್ಡಿನ ಜೇಮ್ಸ್ ಆಂಡರ್ಸನ್ ತಂಡದ ಉಪಕರಣ ಇತ್ತು, ಅದು ಕ್ಲೋರಿನ್ ಮಾನಾಕ್ಸೈಡನ್ನ ಅಳೀತದೆ. ಕ್ಲೋರಿನ್ ಓಝೋನನ್ನ ಒಡೆದಾಗ ಹುಟ್ಟುವ ವಸ್ತು ಅದು, ಹಾಗಾಗಿ ಅದು ಸಿಕ್ಕಿದ್ರೆ ಕೈಯಲ್ಲಿ ರಕ್ತ ಮೆತ್ತಿಕೊಂಡವನೇ ಸಿಕ್ಕಿದ ಹಾಗೆ.

ಸೆಪ್ಟೆಂಬರ್ 16ರ ಹಾರಾಟದ ಗ್ರಾಫನ್ನ ನೀನು ಒಂದು ಸಲ ನೋಡ್ಲೇಬೇಕು, ನಾನು ಮೊದಲು ನೋಡಿದಾಗ ಮೈ ಜುಂ ಅಂದಿತ್ತು. ವಿಮಾನ ದಕ್ಷಿಣಕ್ಕೆ ಹೋಗ್ತಾ ಹೋಗ್ತಾ ಚಳಿಗಾಲದಲ್ಲಿ ಧ್ರುವದ ಸುತ್ತ ತಿರುಗುವ ಗಾಳಿಸುಳಿಯ ಒಳಗೆ ಹೊಕ್ಕಿದ ಕೂಡಲೇ ಕ್ಲೋರಿನ್ ಮಾನಾಕ್ಸೈಡಿನ ಗೆರೆ ಒಮ್ಮೆಗೇ ಮೇಲೆ ಏರ್ತದೆ, ಓಝೋನಿನ ಗೆರೆ ಅದೇ ಜಾಗದಲ್ಲಿ ಕೆಳಗೆ ಬೀಳ್ತದೆ, ಅಂಚಿನ ಸಣ್ಣ ಸಣ್ಣ ಏರಿಳಿತದಲ್ಲಿಯೂ ಒಂದು ಏರಿದಲ್ಲಿ ಇನ್ನೊಂದು ಇಳೀತದೆ, ಕನ್ನಡಿ ಹಿಡಿದ ಹಾಗೆ. ಕೆಳಗಿನ ಗಾಳಿ ಮೇಲೆ ಬಂದದ್ದೇ ಆಗಿದ್ರೆ ಕೆಳಗಿನ ಗಾಳಿಯಲ್ಲೇ ಹೆಚ್ಚಿರುವ ನೈಟ್ರಸ್ ಆಕ್ಸೈಡ್ ಅಲ್ಲಿ ಜಾಸ್ತಿ ಸಿಗ್ಬೇಕಿತ್ತು, ಸಿಕ್ಕಿದ್ದು ಕಡಿಮೆ, ಅಂದ್ರೆ ಗಾಳಿ ಏರಿದ್ದಲ್ಲ, ಇಳಿದದ್ದು. ನೈಟ್ರೋಜನ್ ಆಕ್ಸೈಡುಗಳೂ ಕಡಿಮೆಯೇ ಇದ್ದವು. ಹಾಗೆ ಮೂರರಲ್ಲಿ ಎರಡು ವಾದ ಬಿದ್ದುಹೋಯ್ತು. ಓಝೋನನ್ನ ಉಳಿಸ್ಲಿಕ್ಕೆ ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ದಿನ, 1987ರ ಸೆಪ್ಟೆಂಬರ್ 16. ಆಗ ಸಿಎಫ್‌ಸಿಯನ್ನ ಅರ್ಧಕ್ಕೆ ಇಳಿಸುವ ಅಂತ ಇತ್ತು, ಇಂಥ ಪುರಾವೆ ಎಲ್ಲ ಕೈಗೆ ಬಂದಮೇಲೆ 1990ರಲ್ಲಿ ಲಂಡನ್ನಿನಲ್ಲಿ ಪೂರ್ತಿ ನಿಲ್ಲಿಸುವ ಅಂತ ಆಯ್ತು.

ಪ್ರಶ್ನೆ: ಆ ಎತ್ತರದಲ್ಲಿ ಪೈಲಟ್ ಬದುಕುವುದು ಹೇಗೆ?
(ಓದುಗರು, ಮಂಜೇಶ್ವರ)

ಒಬ್ಬನೇ ಪೈಲಟ್, ಒಂದೇ ಇಂಜಿನ್, ಕೆಳಗೆ ಹಿಮದ ಸಮುದ್ರ. ಸುಮಾರು 19 ಕಿಲೋಮೀಟರಿನಿಂದ ಮೇಲೆ ಗಾಳಿಯ ಒತ್ತಡ ಎಷ್ಟು ಕಡಿಮೆ ಅಂದ್ರೆ ಮೈಯ ಬಿಸಿಗೇ ನೀರು ಕುದೀತದೆ, ಅದಕ್ಕೆ ಗಗನಯಾತ್ರಿಗಳ ಹಾಗಿನ ಪ್ರೆಶರ್ ಸೂಟ್ ಹಾಕಿಯೇ ಕೂತ್ಕೊಳ್ಳುವುದು. ಹೊರಡುವ ಮೊದಲು ಒಂದು ಗಂಟೆಯ ಹಾಗೆ ಬರೀ ಆಕ್ಸಿಜನ್ ಉಸಿರಾಡ್ಬೇಕು, ಇಲ್ಲದಿದ್ರೆ ರಕ್ತದಲ್ಲಿರುವ ನೈಟ್ರೋಜನ್ ಗುಳ್ಳೆ ಕಟ್ಟಿಬಿಡ್ತದೆ. ಊಟ ಟ್ಯೂಬಿನಲ್ಲಿ, ಹೆಲ್ಮೆಟ್ಟಿನ ತೂತಿನಿಂದ. ಅಲ್ಲಿ ಮೇಲೆ ಸ್ವಲ್ಪ ನಿಧಾನ ಆದ್ರೆ ವಿಮಾನ ಬೀಳ್ತದೆ, ಸ್ವಲ್ಪ ಜೋರಾದ್ರೆ ಅದುರಿ ಒಡೀತದೆ, ನಡುವಿನ ಅಂತರ ತುಂಬ ಸಣ್ಣದು, ಅದನ್ನ ಗಂಟೆಗಟ್ಲೆ ಹಿಡ್ಕೊಂಡು ಹೋಗ್ಬೇಕು. ಆ ಗ್ರಾಫಿನ ಹಿಂದೆ ಈ ಪೈಲಟುಗಳೂ ಇದ್ದಾರೆ ಅಂತ ನಾವು ಮರೀಬಾರ್ದು.

ಪ್ರಶ್ನೆ: ಈಗ ಓಝೋನ್ ಸರಿಯಾಗ್ತಾ ಉಂಟಲ್ಲ, ಇನ್ನೂ ಹಾರುವುದು ಎಂತಕ್ಕೆ?
(ಓದುಗರು, ಉಪ್ಪಳ)

ಸರಿಯಾಗ್ತಾ ಉಂಟು ಹೌದು, ಆದ್ರೆ ಅಂಟಾರ್ಕ್ಟಿಕಾದಲ್ಲಿ 1980ರ ಮಟ್ಟಕ್ಕೆ ಬರ್ಲಿಕ್ಕೆ ಸುಮಾರು 2066 ಆಗ್ಬಹುದು ಅಂತ ಅಂದಾಜು. ಉತ್ತರ ಧ್ರುವದ್ದು ವರ್ಷಕ್ಕೊಂದು ರೀತಿ, ಚಳಿ ಜೋರಿದ್ದ 2011ರಲ್ಲಿಯೂ 2020ರಲ್ಲಿಯೂ ಅಲ್ಲಿ ದೊಡ್ಡ ನಷ್ಟ ಆಯ್ತು. 2000ದ ಚಳಿಗಾಲದಲ್ಲಿ ಸ್ವೀಡನ್ನಿನ ಕಿರುನಾದಿಂದ ಇಆರ್-2 ಹಾರಿದಾಗ ಅಲ್ಲಿನ ಮೋಡದಲ್ಲಿ ಯಾರೂ ಎಣಿಸದಷ್ಟು ದೊಡ್ಡ ನೈಟ್ರಿಕ್ ಆಸಿಡ್ ಕಣಗಳು ಸಿಕ್ಕಿದವು, ಅವು ಕೆಳಗೆ ಉದುರಿ ಹೋಗುವಾಗ ಕ್ಲೋರಿನನ್ನ ಕಟ್ಟಿಹಾಕುವ ನೈಟ್ರೋಜನನ್ನೂ ಒಟ್ಟಿಗೆ ತೆಗ್ದುಕೊಂಡು ಹೋಗ್ತವೆ. ಹೋಗದೆ ಇದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ.

ಪ್ರಶ್ನೆ: ನಮ್ಮ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕದಲ್ಲಿಯೂ ಕ್ಲೋರಿನ್ ಉಂಟು ಅಂತ ಓದಿದೆ. ಅದೂ ಓಝೋನಿಗೆ ಹೋಗಿದ್ಯಾ? ಹೆಲಿಕಾಪ್ಟರ್ ಬಂದ ದಿನಗಳನ್ನ ನಮ್ಮ ತಂದೆಯವರು ಕ್ಯಾಲೆಂಡರಿನಲ್ಲಿ ಗುರ್ತು ಹಾಕಿಟ್ಟಿದ್ದಾರೆ.
(ಓದುಗರು, ಮುಳ್ಳೇರಿಯ)

ನಿಮ್ಮ ಪತ್ರವನ್ನ ಎರಡು ಮೂರು ಸಲ ಓದಿದೆ. ಕ್ಲೋರಿನ್ ಇರುವುದು ಹೌದು, ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ 6 ಕ್ಲೋರಿನ್, ಸಿಎಫ್‌ಸಿ-12ರಲ್ಲಿ 2 ಮಾತ್ರ. ಆದ್ರೂ ಓಝೋನನ್ನ ಹಾಳು ಮಾಡಿದ್ದು ಅದಲ್ಲ. ಸಿಎಫ್‌ಸಿ ಯಾವುದರ ಜೊತೆಗೂ ಸೇರುವುದಿಲ್ಲ, ನೀರಿಗೆ ಕರಗುವುದಿಲ್ಲ, ಎಷ್ಟು ಮಳೆ ಬಂದ್ರೂ ತೊಳೆದು ಹೋಗುವುದಿಲ್ಲ. ಹಾಗಾಗಿ ವರ್ಷಗಟ್ಲೆ ಗಾಳಿಯಲ್ಲೇ ಉಳಿದು, ನಮ್ಮಂಥ ಉಷ್ಣವಲಯದ ಆಕಾಶದಲ್ಲಿ 16-17 ಕಿಲೋಮೀಟರ್ ದಾಟಿ ಓಝೋನ್ ಇರುವ ಸ್ಟ್ರಾಟೋಸ್ಫಿಯರ್ ಅನ್ನುವ ಮೇಲಿನ ಪದರಕ್ಕೆ ಹತ್ತಿ, ಅಲ್ಲಿಂದ ಕೆಲವು ವರ್ಷಗಳಲ್ಲಿ ಧ್ರುವದ ಕಡೆಗೆ ಹೋಗಿ ಇಳೀತದೆ. ಧ್ರುವದ ಮೇಲಿನ ಗಾಳಿ ಮೇಲೆ ಹತ್ತಿದ್ದು ಹೆಚ್ಚಾಗಿ ನಮ್ಮ ಕಡೆಯ ಆಕಾಶದಲ್ಲೇ ಅಂತ ತಿಳಿದ್ರೆ ಸಾಕು, ಅದು ದೂರದ ವಿಷಯ ಅಲ್ಲ. ಎಂಡೋಸಲ್ಫಾನ್ ಹಾಗಲ್ಲ, ಅದು ಕೆಳಗೇ ಮಣ್ಣಿಗೆ, ಎಲೆಗೆ, ನೀರಿಗೆ ಅಂಟ್ತದೆ, ಬಿಸಿಲಿಗೆ ಎದ್ದು ಗಾಳಿಯಲ್ಲಿ ಮುಂದೆ ಹೋಗಿ ತಂಪಾದಲ್ಲಿ ಮತ್ತೆ ಇಳೀತದೆ, ಮಿಡತೆ ಹಾರಿದ ಹಾಗೆ. ಹಾಗೆ ಹಾರಿ ಹಾರಿ ಉತ್ತರ ಧ್ರುವದ ಹಿಮದಲ್ಲಿಯೂ ಅದು ಸಿಕ್ಕಿದೆ, 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ನಿಲ್ಲಿಸ್ಬೇಕಾದ ವಿಷಗಳ ಪಟ್ಟಿಗೆ ಸೇರಿಸ್ಲಿಕ್ಕೆ ಈ ದೂರ ಹೋಗುವ ಗುಣವೂ ಒಂದು ಕಾರಣ. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟೂ ಅದನ್ನ ನಿಲ್ಲಿಸಿತು.

ಹೆಲಿಕಾಪ್ಟರ್ ಬಂದುಹೋದ ಮೇಲೆ ನಮ್ಮ ಅಂಗಳದಲ್ಲಿ ಜೇನು ಸತ್ತು ಬಿದ್ದದ್ದನ್ನ ನಾನೂ ನೋಡಿದ್ದೇನೆ, ಆ ದಿನದ ಗಾಳಿಯನ್ನ ಅಳೀಲಿಕ್ಕೆ ನಮ್ಮ ಮನೆಗೆ ಮಾತ್ರ ಯಾರೂ ಬರ್ಲಿಲ್ಲ. ಹಾಗಾಗಿ ನಿಮ್ಮ ತಂದೆಯವರ ಆ ಕ್ಯಾಲೆಂಡರನ್ನ ಗೆದ್ದಲು ಹತ್ತದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ತೆಗ್ದಿಡಿ, ಪ್ರತಿ ಪುಟದ ಫೋಟೋ ತೆಗೀರಿ, ಯಾವ ದಿನ ಯಾವ ಕಡೆಯಿಂದ ಗಾಳಿ ಬೀಸ್ತಿತ್ತು ಅಂತ ಅವರಿಗೆ ನೆನಪಿದ್ರೆ ಈಗಲೇ ಕೇಳಿ ಬರ್ದಿಡಿ. ಒಂದು ಕಾಪಿ ನಮಗೂ ಕಳಿಸಿ.